ಶೆಡ್ಡಿನೊಳಗಿನ ಮೂರನೇ ಕೆಮ್ಮು

ಅಪ್ಪ ತೀರಿಕೊಂಡು ಹನ್ನೊಂದು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ, ಹಿತ್ತಲ ಶೆಡ್ಡಿನೊಳಗಿಂದ ಮೂರು ಸಲ ಕೆಮ್ಮಿದರು.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮಾಡುವುದಿದ್ದರೆ ನಾಲ್ಕು ಸಲ ಎನ್ನುತ್ತಿದ್ದೆ. ಅಪ್ಪ ಬದುಕಿದ್ದಾಗಲೂ ಕೆಮ್ಮುತ್ತಿದ್ದದ್ದು ಮೂರೇ ಸಲ. ಮೊದಲೆರಡು ಒಂದರ ಬೆನ್ನಿಗೊಂದು, ಆಮೇಲೆ ಒಂದಿಷ್ಟು ಬಿಡುವು. ಸದ್ಯ ಮುಗಿಯಿತಲ್ಲ ಎಂದು ಎದುರಿನವರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಮೂರನೆಯದು. ಅದು ಬಿತ್ತೆಂದರೆ ಮಾತು ಮುಗಿಯಿತು ಎಂದರ್ಥ. ನಾನು ಓದಬೇಕಾದ ಕಾಲೇಜು, ಅಕ್ಕನ ಮದುವೆ, ಮನೆಗೆ ಬಳಿಯುವ ಬಣ್ಣ, ಎಲ್ಲ ಚರ್ಚೆಗಳೂ ನಮ್ಮ ಮನೆಯಲ್ಲಿ ಮೂರನೇ ಕೆಮ್ಮಿಗೇ ತೀರ್ಮಾನವಾಗಿದ್ದವು.

ಅಡುಗೆಮನೆಯಲ್ಲಿ ಅಕ್ಕನ ಚಾಕು ಅರ್ಧ ಈರುಳ್ಳಿಯಲ್ಲಿ ನಿಂತಿತು. ನನ್ನ ಮೈಯೆಲ್ಲ ಮುಳ್ಳೆದ್ದಿತು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಹನ್ನೊಂದು ತಿಂಗಳಿಂದ ಅವಳು ಅಲ್ಲೇ ಇದ್ದಳು. ಕರೆದರೆ ಏಳುತ್ತಿದ್ದಳು, ಬಡಿಸಿದರೆ ಎರಡು ತುತ್ತು ತಿನ್ನುತ್ತಿದ್ದಳು, ಕೇಳಿದ್ದಕ್ಕೆ 'ಹೂಂ' ಅಥವಾ 'ಉಹೂಂ' ಎನ್ನುತ್ತಿದ್ದಳು. ಕನ್ನಡಕ ಮೂಗಿನ ಮೇಲೆ ನಿಲ್ಲದಷ್ಟು ಮುಖ ಇಳಿದುಹೋಗಿತ್ತು. ಹೀಗೇ ಹೋದರೆ ಅಪ್ಪನ ವರ್ಷ ತುಂಬುವುದರೊಳಗೆ ಅಮ್ಮನೂ ಹೊರಡುತ್ತಾಳೆ ಎಂಬ ಭಯ ನನಗೂ ಅಕ್ಕನಿಗೂ ಇತ್ತು. ಅದನ್ನು ಬಾಯಿ ಬಿಟ್ಟು ಹೇಳಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ಅಮ್ಮ ಈಗ ಯಾರೂ ಕರೆಯದೆ ಎದ್ದು ನಿಂತಳು.

"ಬಂದ್ರು," ಅಂದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಬಾಗಿಲಲ್ಲಿ ಕಾಲು ಒರೆಸ್ಕೊಂಡು ಬರೋಕೆ ಹೇಳು," ಅಂದಳು.

ಶೆಡ್ಡಿನ ಬಾಗಿಲು ತೆರೆಯಿತು. ಹೊರಗೆ ಬಂದದ್ದು ಅಪ್ಪನಲ್ಲ, ನಮ್ಮ ಭಾವ. ಮುಖಕ್ಕೆ ಮಸಿ, ಮಸಿಯ ಕೆಳಗೆ ಸುಣ್ಣದಂತೆ ಬಿಳಿಚಿದ ಬಣ್ಣ. "ನಾನಲ್ಲ," ಅಂದರು ಅವರು, ಯಾರೂ ಏನೂ ಕೇಳುವ ಮೊದಲೇ. "ನಾನು ಕೆಮ್ಮಿಲ್ಲ."

ಈ ಭಾವನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಕಡತಗಳಿಗೆ ನಂಬರು ಬರೆಯುವುದು ಅವರ ಕೆಲಸ. ಯಾವ ಕೆಲಸ ಹಿಡಿದರೂ ಮುಕ್ಕಾಲು ಪಾಲು ಮಾಡಿ, ಕೈ ಒರೆಸಿಕೊಂಡು, "ಇನ್ನೇನಾಯ್ತು" ಎನ್ನುವುದು ಅವರ ಅಭ್ಯಾಸ. ಹಾಗಾಗಿ ಬೀದಿಯಲ್ಲೆಲ್ಲ ಅವರ ಹೆಸರೇ 'ಇನ್ನೇನಾಯ್ತು'. ಒಮ್ಮೆ ನಮ್ಮ ಮನೆಯ ಬಲ್ಬು ಬದಲಾಯಿಸಲು ಹೋಗಿ ಇಡೀ ಬೀದಿಯ ದೀಪ ಆರಿಸಿದ್ದರು. ಅಂದಿನಿಂದ ಅಪ್ಪ ತಮ್ಮ ಹಳೇ ಕಾರಿನ ಶೆಡ್ಡಿಗೆ ಎರಡು ಬೀಗ ಹಾಕತೊಡಗಿದರು. ಕಳ್ಳರಿಗೆ ಒಂದು, ಅಳಿಯನಿಗೆ ಒಂದು.

ಅಪ್ಪ ಹೋದಮೇಲೆ ವಾಹನ ಕಚೇರಿಯಿಂದ ಕಾಗದ ಬಂತು. ಇಂತಿಷ್ಟು ಹಳೆಯದಾದ ಗಾಡಿಗಳನ್ನು ಇಂಥ ಶುಕ್ರವಾರದೊಳಗೆ ತಪಾಸಣೆಗೆ ತಂದು ಪಾಸು ಮಾಡಿಸಿಕೊಳ್ಳಬೇಕು, ತಪ್ಪಿದರೆ ನಂಬರು ರದ್ದು, ಮುಂದೆ ಎಂದೂ ರಸ್ತೆಗೆ ಇಳಿಸುವಂತಿಲ್ಲ ಎಂದು. ಅಮ್ಮನಿಗೆ ಓದಿ ಹೇಳಿದರೆ "ಹೂಂ" ಎಂದಳು. ಭಾವ ಎದೆ ಮುಂದೆ ಮಾಡಿ, "ಅತ್ತೆ, ನಾನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ತೀನಿ," ಎಂದರು. ಅದಕ್ಕೂ ಅಮ್ಮ "ಹೂಂ" ಎಂದಳು. ಅದನ್ನು ಒಪ್ಪಿಗೆ ಎಂದು ತಿಳಿದದ್ದು ನಮ್ಮ ತಪ್ಪು.

ಬಿಚ್ಚಿದ್ದೇನೋ ಪೂರ್ತಿ ಬಿಚ್ಚಿದರು. ಹಳೇ ಹೊಗೆಕೊಳವೆ ಕೈಯಲ್ಲೇ ಪುಡಿಪುಡಿಯಾಯಿತು. ಅಂಥದೇ ಇನ್ನೊಂದು ತಂದು ಹಾಕಿದ್ದರೆ ಕಥೆಯೇ ಇರುತ್ತಿರಲಿಲ್ಲ. ಭಾವ ಎಲ್ಲೋ ಹಳೇ ಪತ್ರಿಕೆಯೊಂದರಲ್ಲಿ ರೇಸು ಕಾರಿನ ಚಿತ್ರ ನೋಡಿದ್ದರು. ಅದರ ಬಾಗಿಲುಗಳ ಕೆಳಗೆ, ಎರಡೂ ಮಗ್ಗುಲಿಗೆ, ಫಳಫಳ ಹೊಳೆಯುವ ಸೈಲೆನ್ಸರ್ ಕೊಳವೆಗಳು. "ನಮ್ಮದಕ್ಕೂ ಇದೇ," ಎಂದು ಬೀದಿಗೆಲ್ಲ ಸಾರಿದರು. ಬ್ರೇಕಿನ್ನೂ ಹಾಕಿಲ್ಲದ ಗಾಡಿಗೆ ಪಕ್ಕದ ಕೊಳವೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಅಕ್ಕ ಅಂದದ್ದು ಅವರ ಕಿವಿಗೆ ಬೀಳಲಿಲ್ಲ.

ಕೊಳವೆ ಬರೀ ಪಕ್ಕಕ್ಕೆ ಕಟ್ಟಿದರೆ ಆಗುವುದಿಲ್ಲವಂತೆ. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಹೊಗೆಯನ್ನು ಎಳೆದು ತರುವ ಬಾಗಿದ ಕೊಳವೆಗಳ ಗೊಂಚಲೊಂದು ಬೇಕಂತೆ, ಅದಕ್ಕೆ ಹೆಡರ್ ಅನ್ನುತ್ತಾರಂತೆ. ವೆಲ್ಡರ್ ಒಬ್ಬ ಅದನ್ನು ಬಗ್ಗಿಸಿ, ಬೆಸೆದು, ಉಜ್ಜಿ ಕೊಟ್ಟ. ಕೂಡಿಸುವುದನ್ನು ಮಾತ್ರ ತಾನೇ ಮಾಡುತ್ತೇನೆಂದು ಭಾವ ಹಟ ಹಿಡಿದರು. ಮೇಲಿನಿಂದ ಇಳಿಸಿದರೆ ಸ್ಟೀರಿಂಗಿನ ಕಂಬ ಅಡ್ಡ, ಕೆಳಗಿನಿಂದ ತೂರಿಸಿದರೆ ಎಂಜಿನ್ ಅಡ್ಡ. ಕೊನೆಗೆ ಎಂಜಿನ್ನನ್ನೇ ಜಾಕಿನಿಂದ ಎರಡು ಬೆರಳು ಮೇಲೆತ್ತಿ, ಮೂರು ಭಾನುವಾರ ಅಂಗಾತ ಮಲಗಿ, ಹೆಡರನ್ನು ಜಾಗಕ್ಕೆ ಕೂರಿಸಿದರು. ಅವರು ಒಂದು ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನಾನು ನೋಡಿದ್ದೇ ಅದೇ ಮೊದಲು. ನಾಲ್ಕನೇ ಭಾನುವಾರ ಎಂಜಿನ್ ಚಾಲೂ ಮಾಡಿದರು, ಆರಿಸಿದರು. ಆರಿದ ಮೇಲೆ ಕೆಮ್ಮು ಬಂತು.

ನಾವೆಲ್ಲ ಶೆಡ್ಡಿಗೆ ಹೋದೆವು. ಬಾಗಿಲು ದಾಟುತ್ತಲೇ ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಒಳಗೆ ಅಪ್ಪನ ವಾಸನೆ ಇತ್ತು. ತಲೆನೋವಿನ ಮುಲಾಮು, ಅದರಡಿ ನಶ್ಯ, ಅದರಡಿ ಹಳೇ ಉಣ್ಣೆ. ಹಾಸಿಗೆ, ಬಟ್ಟೆ, ಕಪಾಟು ಎಲ್ಲದರಿಂದ ಹೋಗಿ ಎಷ್ಟೋ ತಿಂಗಳಾಗಿದ್ದ ವಾಸನೆ, ಬಿಸಿಬಿಸಿಯಾಗಿ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ಕೊಳವೆಗಳು ಆರುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಯಾರೋ ಉಗುರಿನಿಂದ ಒಳಗಿನಿಂದ ತಟ್ಟಿದಂತಿತ್ತು.

ಅಮ್ಮ ಸ್ಟೂಲು ಎಳೆದುಕೊಂಡು ಕಾರಿನ ಮುಂದೆ ಕೂತಳು. "ಇನ್ನೊಂದ್ಸಲ," ಅಂದಳು. ಭಾವ ಚಾಲೂ ಮಾಡಿ ಆರಿಸಿದರು. ಕೆಮ್ಮು. ಕೆಮ್ಮು. ಬಿಡುವು.

"ಹಾಗಾದ್ರೆ ಇವತ್ತು ಇತ್ಯರ್ಥ ಆಗಿಬಿಡ್ಲಿ," ಎಂದಳು ಅಮ್ಮ. "ಮದುವೆ ಮಾರನೇ ದಿನ ನಡುರಸ್ತೇಲಿ ಈ ಕಾರು ಯಾಕೆ ನಿಂತ್ಕೊಳ್ತು? ನಾನು ಸ್ಟೀರಿಂಗ್ ಪಕ್ಕದ ಯಾವುದೋ ಗುಬುಟಿಗೆ ಕೈಚೀಲ ನೇತು ಹಾಕಿದ್ದಕ್ಕೆ ಅಂತ ನಲವತ್ತೆರಡು ವರ್ಷ ಊರಿಗೆಲ್ಲ ಹೇಳಿದ್ರಿ. ಎದೆ ಮುಟ್ಕೊಂಡು ಹೇಳಿ. ನೀವು ಅವತ್ತು ಪೆಟ್ರೋ..."

ಮೂರನೇ ಕೆಮ್ಮು ಬಿತ್ತು.

"ನೋಡಿದ್ಯಾ? ನೋಡಿದ್ಯಾ?" ಅಮ್ಮ ಎದ್ದೇಬಿಟ್ಟಳು. ಮುಖ ಕೆಂಪಗಾಗಿತ್ತು. "ಸತ್ತ ಮೇಲೂ ಬುದ್ಧಿ ಬಂದಿಲ್ಲ ಈ ಮನುಷ್ಯನಿಗೆ!" ಎನ್ನುತ್ತ ದಡದಡನೆ ಒಳಗೆ ಹೋಗಿ, ಸಿಟ್ಟಿನ ಭರದಲ್ಲಿ ಹೊಟ್ಟೆ ತುಂಬ ಊಟ ಮಾಡಿದಳು. ಎರಡನೇ ಸಲ ಬಡಿಸಿಕೊಂಡಳು. ಉಪ್ಪು ಕಡಿಮೆ ಎಂದು ಅಕ್ಕನನ್ನು ಬೈದಳು. ಬೈಸಿಕೊಂಡ ಅಕ್ಕ ಬಚ್ಚಲಿಗೆ ಹೋಗಿ ಸಂತೋಷಕ್ಕೆ ಅತ್ತಳು.

ಅಂದಿನಿಂದ ಅದು ದಿನಚರಿಯಾಯಿತು. ಬೆಳಿಗ್ಗೆ ಭಾವ ಕಚೇರಿಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಬಂದಮೇಲೆ ಒಮ್ಮೆ, ಎಂಜಿನ್ ಚಾಲೂ ಮಾಡಿ ಆರಿಸಬೇಕು. ಅಮ್ಮ ಅದೇ ಪೆಟ್ರೋಲಿನ ವಾದ ಮಂಡಿಸಬೇಕು. ಮೂರನೇ ಕೆಮ್ಮಿಗೆ ಸೋತು, ಹಲ್ಲು ಕಡಿಯುತ್ತ ಒಳಗೆ ಬಂದು ಉಣ್ಣಬೇಕು. ಹತ್ತು ದಿನದಲ್ಲಿ ಕನ್ನಡಕ ಮೂಗಿನ ಮೇಲೆ ನಿಂತಿತು.

ಬೀದಿಗೆ ಸುದ್ದಿ ಹಬ್ಬಲು ಅಷ್ಟು ದಿನವೂ ಬೇಕಾಗಲಿಲ್ಲ. ಮೊದಲು ಬಂದವರು ಎದುರುಮನೆಯ ವಿಜ್ಞಾನದ ಮೇಷ್ಟ್ರು, ನಿವೃತ್ತರಾದರೂ ಸೀಮೆಸುಣ್ಣದ ಕಡ್ಡಿ ಜೇಬಿನಲ್ಲಿಟ್ಟುಕೊಂಡೇ ಓಡಾಡುವವರು. "ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ," ಎಂದು ನಗುತ್ತ ಕಾರಿನ ಪಕ್ಕದ ಕೊಳವೆಗೆ ಕಿವಿ ಕೊಟ್ಟು ಬಗ್ಗಿದರು. ಎರಡು ಕೆಮ್ಮು ಆಯಿತು. "ಇದು ಲೋಹ ಆರುವಾಗ..." ಎಂದು ಅವರು ಪಾಠ ಶುರುಮಾಡಿದರು. ಮೂರನೆಯದು ನೇರ ಕಿವಿಯೊಳಕ್ಕೇ ಬಿತ್ತು. ಮೇಷ್ಟ್ರು ಪಾಠ ಅಲ್ಲಿಗೇ ಬಿಟ್ಟು, ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಹೋದರು. ಮಾರನೇ ಬೆಳಿಗ್ಗೆ ನಮ್ಮ ಗೇಟಿಗೆ ಒಂದು ಏಣಿ ಒರಗಿತ್ತು. ಒಂಬತ್ತು ವರ್ಷದ ಹಿಂದೆ ಅವರು ಅಪ್ಪನಿಂದ ಎರಡು ದಿನಕ್ಕೆಂದು ಒಯ್ದ ಏಣಿ.

ಏಣಿಯ ಹಿಂದೆ, ಅಪ್ಪನಿಂದ ಬೀದಿಯವರು ಎರವಲು ಒಯ್ದಿದ್ದ ಉಳಿದವೂ ಬಂದವು. ಒಂದು ಡ್ರಿಲ್ಲು, ಎರಡು ಕೊಡೆ, ದಪ್ಪನೆಯದೊಂದು ನಿಘಂಟು, ಅರ್ಧ ಡಬ್ಬಿ ಬಣ್ಣ. ತಂದವರು ಬಾಗಿಲು ತಟ್ಟುತ್ತಿರಲಿಲ್ಲ. ಗೇಟಿನ ಬಳಿ ಇಟ್ಟು, ಶೆಡ್ಡಿನ ಕಡೆ ಒಮ್ಮೆ ನೋಡಿ, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋಗುತ್ತಿದ್ದರು. ನಮ್ಮದೇ ಅಲ್ಲದ ಒಂದು ಹುಲ್ಲು ಕತ್ತರಿಸುವ ಯಂತ್ರವನ್ನೂ ಯಾರೋ ಇಟ್ಟು ಹೋಗಿದ್ದರು, ಸುರಕ್ಷತೆಗಿರಲಿ ಎಂದು. ಪತ್ರಗಳನ್ನು ಅಂಚೆಯವನು ಬೀದಿಯ ತಿರುವಿನಿಂದಲೇ ನಮ್ಮ ಕಾಂಪೌಂಡಿಗೆ ಎಸೆಯತೊಡಗಿದ.

ಒಂದು ಮಧ್ಯಾಹ್ನ ಚಿಕ್ಕಪ್ಪ ಬಂದರು. ಅಪ್ಪನ ತಮ್ಮ, ಅಣ್ಣನೊಂದಿಗೆ ಮಾತು ಬಿಟ್ಟು ಏಳು ವರ್ಷವಾಗಿತ್ತು. "ಎಲ್ಲರೂ ಆಚೆ ಇರಿ," ಎಂದು ಶೆಡ್ಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡರು. ಅವರಿಗೆ ಕಾರು ಚಾಲೂ ಮಾಡಲು ಬರುವುದಿಲ್ಲ, ಕೀಲಿಯೂ ಭಾವನ ಜೇಬಿನಲ್ಲಿತ್ತು. ಮುಕ್ಕಾಲು ಗಂಟೆಯ ಮೇಲೆ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದು, "ಸರಿ, ಅಣ್ಣ ಹೇಳಿದ ಹಾಗೇ ಆಗ್ಲಿ," ಎಂದರು. ಏನು ಹೇಳಿದರು ಎಂದು ಕೇಳುವ ಧೈರ್ಯ ನಮಗಾಗಲಿಲ್ಲ. ನಾವು ಹೊರಗೆ ನಿಂತವರಿಗೆ ಏನೂ ಕೇಳಿರಲಿಲ್ಲ.

ಈ ಎಲ್ಲ ಗದ್ದಲದಲ್ಲಿ ಭಾವನ ಬಾಯಿಗೆ ಬೀಗ ಬಿದ್ದಿತ್ತು. ತಪಾಸಣೆಗೆ ಮೂರೇ ದಿನ ಉಳಿದಾಗ ನಾನು ವೆಲ್ಡರನನ್ನು ಕರೆತಂದೆ. ಭಾವ ಬೇಡಬೇಡವೆಂದರು. ಅವನು ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಓಡುವ ಎಂಜಿನ್ನಿನ ಸುತ್ತ ಆಡಿಸಿದ. ಆಮೇಲೆ ಎಂಜಿನ್ ಆರಿಸಿ, ಕೈ ಒಳಗೆ ತೂರಿಸಿ, ಕಪ್ಪಗೆ ಸೀದ ಬಟ್ಟೆಯ ಪಟ್ಟಿಯೊಂದನ್ನು ಎಳೆದ. ಅದರ ತುದಿಯಲ್ಲಿ ಹಸಿರು ಅಂಚು ಇನ್ನೂ ಉಳಿದಿತ್ತು. ಅಪ್ಪನ ಶಾಲು. ಕಾರಿನ ಹಿಂದಿನ ಡಿಕ್ಕಿಯಲ್ಲಿ ಬಿದ್ದಿದ್ದದ್ದು.

"ಇದೇನ್ ಸಾರ್, ಎಂಜಿನ್ನಿಗೆ ಚಳಿ ಆಗ್ತಿತ್ತಾ?" ಅಂದ ವೆಲ್ಡರ್.

ಭಾವ ತಲೆ ತಗ್ಗಿಸಿದರು. ಹೆಡರಿಗೆ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಕಾಲಿಗೆ ಬಿಸಿ ಬಡಿಯುತ್ತದೆ ಎಂದು ಎಲ್ಲೋ ಓದಿದ್ದರಂತೆ. ಆ ಬಟ್ಟೆ ಗಾಜಿನ ನೂಲಿನದಾಗಿರಬೇಕು ಎಂಬ ಸಾಲು ಮುಂದಿನ ಪುಟದಲ್ಲಿತ್ತಂತೆ.

"ವಾಸನೆ ಇದರದ್ದು. ಸದ್ದು ಆ ಮೂರನೇ ನಟ್ಟಿನದ್ದು," ಅಂದ ವೆಲ್ಡರ್. "ಕೊಳವೆ ಹಿಂದೆ ಇದೆ, ಸ್ಪ್ಯಾನರ್ ಹೋಗಲ್ಲ. ನೀವು ಬರೀ ಬೆರಳಲ್ಲಿ ತಿರುಗಿಸಿ ಬಿಟ್ಟಿದೀರಿ. ಸಂದಿಯಿಂದ ಗಾಳಿ ಒಳಗೆ ಹೋಗತ್ತೆ, ಆರಿಸಿದಾಗ ಉಳಿದ ಪೆಟ್ರೋಲು ಕೊಳವೇಲಿ ಢಬ್ ಅನ್ನತ್ತೆ."

"ಇನ್ನೇನಾಯ್ತು ಅಂದ್ಕೊಂಡೆ," ಎಂದರು ಭಾವ, ನೆಲ ನೋಡುತ್ತ.

ವೆಲ್ಡರ್ ತನ್ನದೇ ಒಂದು ಸ್ಪ್ಯಾನರನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅರ್ಧಕ್ಕೆ ಕತ್ತರಿಸಿ, ಕೊಕ್ಕೆಯಂತೆ ಬಗ್ಗಿಸಿ ಕೊಟ್ಟ. "ಇದು ಅಲ್ಲಿಗೆ ಹೋಗತ್ತೆ. ಅರ್ಧ ಸುತ್ತು ಬಿಗಿದ್ರೆ ಕೆಮ್ಮು ಮಾಯ." ನಾನು ನಿಟ್ಟುಸಿರು ಬಿಟ್ಟೆ. ಆದರೂ ಒಂದು ಪ್ರಶ್ನೆ ಉಳಿದಿತ್ತು, ಕೇಳಿಯೇಬಿಟ್ಟೆ. "ಸರಿ ಮಾರಾಯ, ಢಬ್ ಅನ್ನತ್ತೆ. ಆದ್ರೆ ದಿನಾ ಮೂರೇ ಸಲ ಯಾಕೆ? ಅದೂ ಅಮ್ಮ ಪೆಟ್ರೋಲ್ ಅಂದಾಗ್ಲೇ ಯಾಕೆ?"

ಕೈ ಒರೆಸುತ್ತಿದ್ದವನು ನಿಲ್ಲಿಸಿದ. "ಅದು ನಟ್ಟಿನ ಕೆಲಸ ಅಲ್ಲ ಸಾರ್," ಎಂದು, ತನ್ನ ರಬ್ಬರ್ ಕೊಳವೆಯನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಮೂರು ದಿನ ಭಾವ, ಉಳಿದಿದ್ದ ಬ್ರೇಕು ದೀಪಗಳನ್ನು ಕೂಡಿಸುತ್ತ, ಆ ಡೊಂಕು ಸ್ಪ್ಯಾನರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಬಿಗಿದರೆ ಅಮ್ಮನ ಊಟ ಹೋಗುತ್ತದೆ. ಬಿಗಿಯದಿದ್ದರೆ ಕಾರಿನ ನಂಬರು ಹೋಗುತ್ತದೆ, ಪಕ್ಕದ ಕೊಳವೆ ಮಿಂಚಿಸುತ್ತ ಒಮ್ಮೆಯಾದರೂ ಬೀದಿಯಲ್ಲಿ ಮೆರೆಯುವ ಅವರ ಆಸೆಯೂ ಹೋಗುತ್ತದೆ. ಮಾವ ಬದುಕಿದ್ದಾಗ ಶೆಡ್ಡಿನ ಹೊಸ್ತಿಲನ್ನೂ ದಾಟಲಾಗದ ಮನುಷ್ಯ ಅವರು. ಆ ಆಸೆಯನ್ನು ನಾನು ಗೇಲಿ ಮಾಡಲಾರೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ಅವರ ಬೆರಳುಗಳಿಗೆ ಹೊಸ ಮಸಿ ಹತ್ತಿತ್ತು. ಬಿಗಿದಿದ್ದಾರೆ ಎಂದು ನನಗೆ ಗೊತ್ತಾಯಿತು.

ಅಮ್ಮ ಮಡಿಸಿಟ್ಟ ಒಳ್ಳೆಯ ಬಟ್ಟೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಳು. "ಅವರು ಯಾವ ಆಫೀಸಿಗೂ ನನ್ನ ಬಿಟ್ಟು ಹೋದೋರಲ್ಲ," ಎಂದಳು. ನಾನು ಭಾವನ ಪಕ್ಕ ಕೂತೆ, ಕಾರು ಬೀದಿಗಿಳಿಯಿತು. ಕೊಳವೆಗಳು ಎರಡೂ ಮಗ್ಗುಲಿಗೆ ಬೆಳ್ಳಿಯಂತೆ ಹೊಳೆದವು. ನೋಡಲು ಮಾತ್ರ ಒಬ್ಬರೂ ಹೊರಗಿರಲಿಲ್ಲ. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮೇಷ್ಟ್ರ ಮನೆಯ ಪರದೆ ಮಾತ್ರ ಸ್ವಲ್ಪ ಅಲುಗಾಡಿತು.

ವಾಹನ ಕಚೇರಿಯ ಅಂಗಳ ವಿಶಾಲವಾಗಿತ್ತು, ಬಿಸಿಲಿಗೆ ಬೆಳ್ಳಗಾಗಿತ್ತು, ನಮ್ಮದೊಂದೇ ಗಾಡಿ. ತಪಾಸಣಾಧಿಕಾರಿ ಮನುಷ್ಯರ ಮುಖ ನೋಡುವವರಲ್ಲ, ಗಾಡಿಗಳ ನಂಬರು ಮಾತ್ರ ನೋಡುವವರು. ಬ್ರೇಕು ಒತ್ತಿಸಿದರು, ದೀಪ ಹಾಕಿಸಿದರು. ಪಕ್ಕದ ಕೊಳವೆಗೆ ಕಾಲು ತಾಗಿ ಸುಡದಂತೆ ಹಾಕಿದ್ದ ಜಾಲರಿಯನ್ನು ಬೆರಳಲ್ಲಿ ತಟ್ಟಿದರು. ಕೊಳವೆಯ ಬಾಯಿಗೆ ಮೀಟರು ತೂರಿಸಿ, ಎಂಜಿನ್ ಏರಿಸಿ ಇಳಿಸಿ, "ಆರಿಸಿ," ಅಂದರು.

ಭಾವ ಆರಿಸಿದರು. ನಿಶ್ಶಬ್ದ.

"ಬಹಳ ಚೆನ್ನಾಗಿ ಕೂಡಿಸಿದೀರಿ," ಎಂದು ಅಧಿಕಾರಿ ಮೊಟ್ಟಮೊದಲ ಬಾರಿಗೆ ಮುಖ ಎತ್ತಿದರು. "ಒಂದು ಚೂರೂ ಸೋರಿಕೆ ಇಲ್ಲ. ಯಾರು ಮಾಡಿದ್ದು?"

ಭಾವನ ಜೀವಮಾನದಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಅವರು ಎದುರಿನ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಿದ್ದರು.

ಅಮ್ಮ ಕಾಯುತ್ತಿದ್ದಳು. ಮುಂದಕ್ಕೆ ಬಗ್ಗಿ, "ರೀ," ಅಂದಳು. "ಪೆಟ್ರೋಲ್ ಹಾಕಿಸಿರಲಿಲ್ಲ ಅಲ್ವಾ ಅವತ್ತು?"

ಏನೂ ಇಲ್ಲ. ಕೊಳವೆಗಳ ಟಿಕ್ ಟಿಕ್ ಕೂಡ ನಿಂತಿತ್ತು. ನನಗೆ ಆ ಬಿಸಿಲಿನಲ್ಲಿ ಚಳಿಯಾಯಿತು. ಕೆಮ್ಮು ಇದ್ದಾಗ ಆಗಿದ್ದ ಭಯ ಇದರ ಮುಂದೆ ಏನೂ ಅಲ್ಲ.

"ಪೆಟ್ರೋಲ್," ಎಂದಳು ಅಮ್ಮ ಇನ್ನೊಮ್ಮೆ, ಮೆಲ್ಲಗೆ. ಆಮೇಲೆ, "ಒಪ್ಕೊಂಡ್ಬಿಟ್ರು," ಅಂದಳು. ನಲವತ್ತೆರಡು ವರ್ಷದ ವಾದ ಗೆದ್ದವಳ ಮುಖ ಹಾಗಿರಬಾರದಿತ್ತು. "ಅವರು ಒಪ್ಕೊಳ್ಳೋರೇ ಅಲ್ಲ. ಹಾಗಿದ್ರೆ ಇಲ್ಲಿ ಯಾರೂ ಇಲ್ಲ." ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ. ಅಪ್ಪ ನಿಜವಾಗಿ ಸತ್ತದ್ದು ಆಗಲೇ ಎಂದು ನನಗನ್ನಿಸಿತು.

ಅಧಿಕಾರಿ ಕಾಗದದ ಮೇಲೆ ಮೊಹರು ಎತ್ತಿ ಹಿಡಿದಿದ್ದರು.

"ಸಾರ್, ಒಂದೇ ನಿಮಿಷ," ಎಂದು ಭಾವ ಇಳಿದರು. ಬಾನೆಟ್ ಎತ್ತಿದರು. ಡೊಂಕು ಸ್ಪ್ಯಾನರನ್ನು ಕಾದ ಕೊಳವೆಗಳ ಹಿಂದೆ ತೂರಿಸಿದರು. ಮಣಿಕಟ್ಟು ಚುರ್ ಎಂದು ಸುಟ್ಟಿತು, ಕೈ ಹಿಂದೆಗೆಯಲಿಲ್ಲ. ಮತ್ತೆ ಬಂದು ಎಂಜಿನ್ ಚಾಲೂ ಮಾಡಿ ಆರಿಸಿದರು.

ಕೆಮ್ಮು. ಕೆಮ್ಮು. ಎರಡೂ ಸಣ್ಣಗೆ, ಶೀತವಾದ ಬೆಕ್ಕಿನ ಹಾಗೆ.

"ಏನ್ರೀ ಇದು! ಚೆನ್ನಾಗಿದ್ದದ್ದನ್ನ ಕೈಯಾರೆ ಹಾಳು ಮಾಡ್ತಿದೀರಲ್ಲ!" ಅಧಿಕಾರಿ ಹೌಹಾರಿದರು. "ಇದನ್ನ ಪಾಸ್ ಮಾಡೋಕಾಗಲ್ಲ. ನಂಬರು ಇವತ್ತೇ ರದ್ದಾಗತ್ತೆ. ಹಗ್ಗ ಕಟ್ಟಿ ಮನೆಗೆ ಎಳ್ಕೊಂಡು ಹೋಗಬೇಕಾಗತ್ತೆ, ಗೊತ್ತಾ?"

"ಎಳ್ಕೊಂಡು ಹೋಗ್ತೀವಿ ಸಾರ್. ಬರೀರಿ," ಅಂದರು ಭಾವ.

ಹಿಂದಿನ ಬಾಗಿಲು ತೆರೆಯಿತು. ಅಮ್ಮ ಕನ್ನಡಕ ಹಾಕಿಕೊಂಡು ಇಳಿದು, ಕಾರಿನ ಮುಂದಕ್ಕೆ ಬಂದಳು. ತೆರೆದ ಬಾನೆಟ್ ನೋಡಿದಳು, ಭಾವನ ಕೈಯ ಸ್ಪ್ಯಾನರ್ ನೋಡಿದಳು, ಸುಟ್ಟ ಮಣಿಕಟ್ಟು ನೋಡಿದಳು. ನಮ್ಮಮ್ಮ ದಡ್ಡಿಯಲ್ಲ. ಭಾವ ಬೈಗುಳಕ್ಕೆ ಕಾದು ಕಣ್ಣು ಮುಚ್ಚಿಕೊಂಡರು.

"ಇನ್ನೊಂಚೂರು ಸಡಿಲ ಮಾಡಿ," ಎಂದಳು ಅಮ್ಮ. "ಅವರದು ಇಷ್ಟು ಸಣ್ಣ ಗಂಟಲಲ್ಲ."

ಭಾವ ಮತ್ತೆ ಸ್ಪ್ಯಾನರ್ ಒಳಗೆ ತೂರಿಸಿದರು. ಅದು ನಟ್ಟಿಗೆ ತಾಗುವ ಮೊದಲೇ, ಆರಿ ಎಷ್ಟೋ ಹೊತ್ತಾಗಿದ್ದ ಎಂಜಿನ್ನಿನೊಳಗಿಂದ, ಗಂಟಲು ತುಂಬಿ, ಮೂರನೆಯದು ಬಂತು. ಅಧಿಕಾರಿಯ ಕೈಯಿಂದ ಮೊಹರು ಕೆಳಗೆ ಬಿತ್ತು.

"ಪೆಟ್ರೋಲ್ ಹಾಕಿಸಿರಲಿಲ್ಲ ನೀವು," ಎಂದಳು ಅಮ್ಮ, ಬಾನೆಟ್ಟಿನೊಳಕ್ಕೆ ಬಗ್ಗಿ. ಮೂರನೇ ಕೆಮ್ಮಿನ ಮೇಲೂ ನಮ್ಮ ಮನೆಯಲ್ಲಿ ಒಬ್ಬರು ವಾದ ಮುಂದುವರಿಸಿದ್ದು ಅದೇ ಮೊದಲು. ಆಮೇಲೆ ಅವಳು ಸರಸರನೆ ಹೋಗಿ ಕಾರಿನಲ್ಲಿ ಕೂತು, ನಾಲ್ಕನೆಯದು ಬರುವುದರೊಳಗೆ ಬಾಗಿಲು ಹಾಕಿಕೊಂಡಳು.